ಒಂದೂವರೆ ಎಂಬಿಯ ನಾನು

ನಾನು ಒಂದು ಇನ್‌ಸ್ಟಾಲರ್. ಹಾಗೆಂದರೇನು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಸಾಫ್ಟ್‌ವೇರ್ ಬೇರೆ, ನಾನು ಬೇರೆ. ನನ್ನ ಮೇಲೆ ಕ್ಲಿಕ್ ಮಾಡಿದರೆ ನಾನು ಇಂಟರ್ನೆಟ್ಟಿನಲ್ಲಿ ಕಂಪನಿಯ ಸರ್ವರ್ ತನಕ ಓಡಿಹೋಗಿ, ಅಲ್ಲಿಂದ ಆರುನೂರು ಎಂಬಿಯ ಸಾಫ್ಟ್‌ವೇರನ್ನು ಹೊತ್ತುತಂದು ನಿಮ್ಮ ಕಂಪ್ಯೂಟರಿನಲ್ಲಿ ಕೂರಿಸುತ್ತೇನೆ. ನನ್ನ ಸ್ವಂತ ತೂಕ ಬರೀ ಒಂದೂವರೆ ಎಂಬಿ. ಹೊರುವುದಷ್ಟೇ ನನ್ನ ಕೆಲಸ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿ. ಆರೇ ಜನರ ಕಂಪನಿ. ನೇಕಾರರು ಸೀರೆ, ರವಿಕೆ ಖಣಗಳ ಡಿಸೈನನ್ನು ಕಂಪ್ಯೂಟರಿನಲ್ಲೇ ಬಿಡಿಸಿ, ಅದರಂತೆ ಜಕಾರ್ಡ್ ಮಗ್ಗದ ರಟ್ಟಿನ ಕಾರ್ಡಿಗೆ ತೂತು ಹೊಡೆಸಿಕೊಳ್ಳುವ ಸಾಫ್ಟ್‌ವೇರನ್ನು ಅವರು ಮಾಡುತ್ತಿದ್ದರು. ಮೊದಲೆಲ್ಲ ಸಿಡಿಯಲ್ಲಿ ಮಾರುತ್ತಿದ್ದರಂತೆ. ಸಿಡಿ ತಲುಪುವ ಹೊತ್ತಿಗೆ ಅದರಲ್ಲಿದ್ದದ್ದು ಹಳತಾಗಿರುತ್ತಿತ್ತು, ತಪ್ಪು ತಿದ್ದಲು ಮತ್ತೊಂದು ಸಿಡಿ ಕಳಿಸಬೇಕಿತ್ತು. ಅದಕ್ಕೇ ನನ್ನನ್ನು ಮಾಡಿದರು. ನಾನು ತರುವುದು ಯಾವಾಗಲೂ ಹೊಚ್ಚ ಹೊಸದು. ಅದೊಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನನ್ನು ಬರೆದ ಹುಡುಗಿ ಒಂದು ದಿನ ಮ್ಯಾನೇಜರನ್ನು ಕೇಳಿದಳು: “ಸರ್, ನಮ್ಮ ಸರ್ವರ್ರೇ ಸಿಗಲಿಲ್ಲ ಅಂದ್ರೆ ಏನಂತ ತೋರಿಸ್ಲಿ?”

“ನಮ್ಮ ಸರ್ವರ್ ಎಲ್ಲಿಗಮ್ಮ ಹೋಗತ್ತೆ? ನೆಟ್ ನೋಡ್ಕೊಳ್ಳಿ, ಆಮೇಲೆ ಟ್ರೈ ಮಾಡಿ ಅಂತ ಹಾಕು, ಸಾಕು. ಕನ್ನಡದಲ್ಲಿ ಹಾಕು, ಪಾಪ ನೇಕಾರರು ಓದ್ತಾರೆ.”

ಅವಳು ಹಾಗೇ ಹಾಕಿದಳು. “ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಪರೀಕ್ಷಿಸಿ. ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.” ಕೆಲಸ ಕೆಟ್ಟಾಗ ಹೇಳಲು ನನಗೆ ಕಲಿಸಿದ್ದು ಅದೊಂದೇ ಮಾತು. ಸರಸ್ವತಿ ನನ್ನ ನಾಲಿಗೆಯ ಮೇಲೆ ಅಷ್ಟೇ ಬರೆದಳು ಅಂತಿಟ್ಟುಕೊಳ್ಳಿ.

ನನ್ನನ್ನು ಇಳಿಸಿಕೊಂಡವರು ಗುಳೇದಗುಡ್ಡದ ಗುರುಲಿಂಗಪ್ಪ. ಖಣ ನೇಯುವ ಮನೆ, ಎರಡು ಮಗ್ಗ. ಹೆಂಡತಿ ನೀಲವ್ವ ನೇಯುತ್ತಿದ್ದರು, ಇವರು ಕಂಪನಿಯ ಹಳೆಯ ಸಿಡಿಯನ್ನಿಟ್ಟುಕೊಂಡು ಡಿಸೈನ್ ಬಿಡಿಸುತ್ತಿದ್ದರು. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವುದು ಅಲ್ಲಿನ ಪದ್ಧತಿ. ಅಂಥ ಒಂದು ಬಿಡುವಿನ ಬೆಳಿಗ್ಗೆ ನನ್ನನ್ನು ಕ್ಲಿಕ್ ಮಾಡಿ ಕೂತರು. ಅಯ್ಯೋ, ಆ ದಿನ ನಾನು ಪಟ್ಟ ಪಾಡು! ತೊಂಬತ್ತಮೂರು ಪರ್ಸೆಂಟ್ ಹೊತ್ತು ತಂದಿದ್ದೆ, ಕರೆಂಟು ಹೋಯಿತು. ಅಷ್ಟನ್ನೂ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು, ನಡುವೆ ನಿಂತು ಮುಂದುವರಿಯುವುದನ್ನು ನನಗೆ ಕಲಿಸಿರಲಿಲ್ಲ. ಎರಡನೇ ಸಲ ಡೇಟಾ ಮುಗಿಯಿತು. ಮೂರನೇ ಸಲ ಸಂಜೆ ಐದಕ್ಕೆ ಮುಟ್ಟಿಸಿದೆ.

“ಭಾರಿ ಸೊಕ್ಕಿಂದ ಐತಿ ಇದು,” ಎಂದು ಗುರುಲಿಂಗಪ್ಪ ನಕ್ಕರು. “ಆದ್ರ ಕೆಲಸ ಮಾಡ್ತು ನೋಡ. ಇನ್ನ ಆ ಹಳೇ ಸಿಡಿ ಯಾಕ?”

ಮಾಳಿಗೆಯ ಮೇಲೆ ಬಣ್ಣ ಹಾಕಿದ ನೂಲು ಒಣಗಿಸುತ್ತಿದ್ದರು. ಪಾರಿವಾಳಗಳು ಬಂದು ಹೊಲಸು ಮಾಡುತ್ತಿದ್ದವು. ಸಿಡಿ ಬಿಸಿಲಿಗೆ ಫಳಫಳ ಹೊಳೆದರೆ ಅವು ಹೆದರುತ್ತವಂತೆ. ಅದಕ್ಕೆ ದಾರ ಕಟ್ಟಿ ಅಲ್ಲಿ ನೇತುಹಾಕಿದರು. ಆಗ ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎರಡು ವರ್ಷ ಸುಖವಾಗಿತ್ತು. ಸೂಜಿ ಮಲ್ಲಿಗೆ, ಆನೆ ಹೆಜ್ಜೆ, ತೇರು, ಖಣದ ಹಳೆಯ ಡಿಸೈನುಗಳನ್ನೆಲ್ಲ ಅವರು ಕಂಪ್ಯೂಟರಿನಲ್ಲಿ ಬಿಡಿಸಿಟ್ಟರು. ನಾನು ಅದೇ ಫೋಲ್ಡರಿನ ಮೂಲೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದೆ. ಒಂದು ಮಧ್ಯಾಹ್ನ ಮಗ್ಗದ ಸದ್ದಿನ ನಡುವೆ ಅವರು ಕರೆದರು: “ನೀಲಾ, ಇಲ್ಲಿ ಬಾ. ಇದು ನಿಂದು. ಯಾರೂ ನೇದಿದ್ದಿಲ್ಲ ಇಂಥಾದ್ದು.”

ಮಗ್ಗ ನಿಂತಿತು. ನೀಲವ್ವ ಬಂದು ನಿಂತರು. ಪರದೆಯ ಹತ್ತಿರ ಬಾಗಿ ನೋಡಿದರು.

“ಏನ್ ಚಂದ ಐತ್ರೀ,” ಎಂದರು ಆಮೇಲೆ. “ಯಾವಾಗ ಹಾಕೂದು ಮಗ್ಗಕ್ಕ?”

“ಅಮಾಸಿ ಮುಗೀಲಿ. ಕಾರ್ಡ್ ಹೊಡಸ್ಕೊಂಡು ಬರ್ತೀನಿ.”

ಆ ಫೈಲಿಗೆ ಅವರು ‘ನೀಲಾ’ ಎಂದೇ ಹೆಸರಿಟ್ಟು, ನನ್ನ ಪಕ್ಕದಲ್ಲೇ ಇಟ್ಟರು. ಅಮಾವಾಸ್ಯೆಗೆ ಮೂರು ದಿನ ಇರುವಾಗ ಎದೆನೋವು ಎಂದು ಕೂತವರು ಏಳಲಿಲ್ಲ.

ವರ್ಷದ ಕಾರ್ಯ ಮುಗಿಯುವವರೆಗೆ ಕಂಪ್ಯೂಟರಿನ ಮುಂದಿನ ಆ ಕುರ್ಚಿಯಲ್ಲಿ ಕೂರಲು ನೀಲವ್ವನಿಗೆ ಮನಸ್ಸಾಗಲಿಲ್ಲ. ಹಳೆಯ ಕಾರ್ಡುಗಳಿಂದಲೇ ನೇಯುತ್ತ ಬಂದರು. ಕೊನೆಗೊಂದು ದಿನ ಕಂಪ್ಯೂಟರ್ ಹಚ್ಚಿದರೆ ಅದು ಏಳಲೇ ಇಲ್ಲ. ರಿಪೇರಿಗೆ ಬಂದ ಇಮ್ತಿಯಾಜ್ ಎಲ್ಲ ಅಳಿಸಿ ಹೊಸದಾಗಿ ಮಾಡಿದ.

“ಡಿಸೈನ್ ಫೈಲ್ ಎಲ್ಲಾ ಉಳಿಸೀನ್ರಿ ಅಕ್ಕಾರ. ಅವನ್ನ ತಗ್ಯೂ ಸಾಫ್ಟ್‌ವೇರ್ ಅಷ್ಟ ಹೋಗೇತಿ. ಅದರ ಸಿಡಿ ಐತೇನ್ರಿ?”

ನೀಲವ್ವ ಮಾಳಿಗೆಗೆ ಓಡಿ ಸಿಡಿ ಬಿಚ್ಚಿ ತಂದರು. ಬಿಸಿಲಿಗೆ ಅದರ ಪದರ ಕಿತ್ತು ಹೋಗಿ ಗಾಜಿನ ಹಾಗೆ ಆಚೆಬದಿ ಕಾಣುತ್ತಿತ್ತು.

“ಇರ್ಲಿ ಬಿಡ್ರಿ, ಆ ಫೋಲ್ಡರಿನಾಗ ಇದೊಂದು ಸಣ್ಣದು ಉಳದೈತಲ್ಲ,” ಎಂದು ಇಮ್ತಿಯಾಜ್ ನನ್ನನ್ನು ಕ್ಲಿಕ್ ಮಾಡಿದ.

ನಾನು ಓಡಿದೆ. ಎಷ್ಟು ಹುರುಪಿನಿಂದ ಓಡಿದೆ! ಹೋಗಿ ನೋಡಿದರೆ ಕಂಪನಿ ಇದ್ದ ವಿಳಾಸವೇ ಇಲ್ಲ. ಬಾಗಿಲು ಹಾಕಿದ್ದರೆ ತಟ್ಟಬಹುದಿತ್ತು, ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಆ ಆರು ಜನ ಯಾವಾಗ ಮುಚ್ಚಿಕೊಂಡು ಹೋದರೋ, ನನಗೆ ಒಂದು ಮಾತು ತಿಳಿಸಲಿಲ್ಲ. ವಾಪಸು ಬಂದು ಹೇಳಬೇಕಾದದ್ದು ಒಂದೇ: ಮನೆ ಖಾಲಿಯಾಗಿದೆ, ಇನ್ನು ನನ್ನನ್ನು ನಂಬಬೇಡಿ. ಆದರೆ ನನ್ನ ಬಾಯಲ್ಲಿ ಬಂದದ್ದು ಬೇರೆ.

“ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಪರೀಕ್ಷಿಸಿ. ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ.”

ನೀಲವ್ವ ಪರೀಕ್ಷಿಸಿದರು. ಸಿಮ್ ಬದಲಿಸಿದರು. ಮೊಬೈಲನ್ನು ಮಾಳಿಗೆಯ ತುದಿಗೆ ಒಯ್ದು ಇಟ್ಟರು. ಕೊನೆಗೆ ಮನೆಗೆ ವೈರು ಎಳೆಸಿ ಕನೆಕ್ಷನ್ನನ್ನೇ ಹಾಕಿಸಿದರು. ಎಳೆದವನನ್ನು ಕೂರಿಸಿ ಚಹಾ ಕೊಟ್ಟು, “ಚಲೋ ಐತಿಲ್ಲೋ ತಮ್ಮಾ ನೆಟ್?” ಎಂದು ಮೂರು ಸಲ ಕೇಳಿದರು. ನೆಟ್ ಬಂಗಾರದಂತಿತ್ತು. ಆದರೂ ನಾನು ಪ್ರತಿ ಸಲ ತಪ್ಪನ್ನು ಅವರ ತಲೆಗೇ ಕಟ್ಟಿದೆ. ಊರಿನ ಬೇರೆ ಡಿಸೈನರ್‌ಗಳ ಬಳಿ ಬೇರೆ ಸಾಫ್ಟ್‌ವೇರ್ ಇತ್ತು. ಅದಕ್ಕೆ ನಮ್ಮ ಫೈಲಿನ ಗುರುತೇ ಹತ್ತಲಿಲ್ಲ.

“ಕಂಪನಿನ ಮುಚ್ಚೇತಿ ಅನಸ್ತೈತ್ರಿ ಅಕ್ಕಾರ,” ಎಂದು ಇಮ್ತಿಯಾಜ್ ಹೆದರುತ್ತಲೇ ಹೇಳಿದ.

“ಮುಚ್ಚಿದ್ರ ಮುಚ್ಚೀವಿ ಅಂತ ಬರೀತಿದ್ದಿಲ್ಲೇನ? ಓದಿ ನೋಡ. ಮತ್ತ ಪ್ರಯತ್ನ ಮಾಡ್ರಿ ಅಂತ ಕನ್ನಡದಾಗ ಬರದಾರ. ಸುಮ್ಮ ಸುಮ್ಮನ ಬರೀತಾರೇನ?”

ಬರೆಯುತ್ತಾರೆ ತಾಯಿ, ಸುಮ್ಮಸುಮ್ಮನೇ ಬರೆಯುತ್ತಾರೆ. ಆ ಕ್ಷಣ ಯಾರಾದರೂ ನನ್ನನ್ನು ಅಳಿಸಿಹಾಕಿದ್ದರೆ ಎಷ್ಟೋ ಪುಣ್ಯ ಬರುತ್ತಿತ್ತು.

ಆ ದಿನಗಳಲ್ಲೇ ವಿಠ್ಠಲಸಾ ಕಾಕಾ ಬಂದಿದ್ದರು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಡಿಸೈನ್ ತೆಗೆಯುವ ಹಳೆಯ ಕೈ. ಗುರುಲಿಂಗಪ್ಪನಿಗೆ ಕೆಲಸ ಕಲಿಸಿದವರು.

“ನೀಲವ್ವ, ಆ ಡಿಸೈನ್ ನೀ ಒಮ್ಮೆ ನೋಡೀದಿ. ಇನ್ನೂ ಕಣ್ಣಾಗ ಐತಿ. ಕುಂತು ಹೇಳು, ನಾ ತಗೀತೀನಿ.”

“ಬ್ಯಾಡ ಕಾಕಾ. ನಾ ಹೇಳಿ ನೀವು ತಗದ್ರ ಅದು ನಮ್ಮಿಬ್ಬರದು ಆಕ್ಕೈತಿ. ಅವರದು ಹೆಂಗಿತ್ತೋ ಹಂಗ ಬರ್ಲಿ. ಸ್ವಲ್ಪ ತಡೀರಿ, ಆಮ್ಯಾಲ ಬರತೈತಂತ.”

ನನ್ನ ಮಾತು ಕೇಳಿ ಆಕೆ ಹಾಗೆಂದರು. ಆರು ವರ್ಷ ತಡೆದರು. ಪ್ರತಿ ಅಮಾವಾಸ್ಯೆಗೆ ಮಗ್ಗಕ್ಕೆ ಪೂಜೆ ಮಾಡಿ, ಕಂಪ್ಯೂಟರಿಗೂ ಒಂದು ಹೂವು ಇಟ್ಟು ನನ್ನನ್ನು ಕ್ಲಿಕ್ ಮಾಡುತ್ತಿದ್ದರು. ನಾನು ಓಡಿಹೋಗುತ್ತಿದ್ದೆ, ಏನೂ ಇಲ್ಲದ ಜಾಗ ನೋಡಿ ಬರುತ್ತಿದ್ದೆ, ಅದೇ ಸುಳ್ಳು ಹೇಳುತ್ತಿದ್ದೆ. ಈಗ ನನಗೂ ವಯಸ್ಸಾಗಿದೆ. ಈ ಕಾಲದ ಕಂಪ್ಯೂಟರ್ ನನ್ನನ್ನು ಅನುಮಾನದಿಂದ ನೋಡಿ, ಇದನ್ನು ತೆರೆಯಬೇಕೋ ಬೇಡವೋ ಎಂದು ಎರಡೆರಡು ಸಲ ಕೇಳುತ್ತದೆ.

ಕಳೆದ ತಿಂಗಳು ವಿಠ್ಠಲಸಾ ಕಾಕಾ ಗೋಡೆ ಹಿಡಿದುಕೊಂಡು ಬಂದರು. “ಕಣ್ಣು ಕೈ ಕೊಟ್ಟಾವವ್ವ. ಬರೂ ವರ್ಷ ಗ್ರಾಫಿನ ಚೌಕ ಕಾಣೂದಿಲ್ಲ ನನಗ. ತಗೀಸೂದಿದ್ರ ಈಗ ತಗೀಸು.”

ನೀಲವ್ವ ಚಾಪೆ ಹಾಸಿದರು. ಕಾಕಾ ಹಾಳೆ ಹರಡಿ ಪೆನ್ಸಿಲ್ ಕೆತ್ತಿದರು.

“ಅಂಚಿನಿಂದ ಹೇಳವ್ವ.”

“ಅಂಚಿಗೆ ಸೂಜಿ ಮಲ್ಲಿಗಿ ಕಾಕಾ. ಎರಡು ಸಾಲು.”

“ನಡುವ?”

“ನಡುವ ಒಂದು ದೊಡ್ಡ ಹೂವು.”

“ಎಸಳು ಎಷ್ಟು?”

“ಎಂಟು.”

ಕಾಕಾ ಕಣ್ಣನ್ನು ಹಾಳೆಗೆ ತಾಗಿಸಿಕೊಂಡು ಚೌಕ ತುಂಬಿದರು. ನೀಲವ್ವ ಬಾಗಿ ನೋಡಿದರು. “ಇದಲ್ಲ ಕಾಕಾ. ಆರು ಇರಬೇಕು.” ಅಳಿಸಿ ಆರು ಹಾಕಿದರು. ಅದೂ ಅಲ್ಲ. ಹೂವಿನ ಒಳಗೆ ಏನೋ ಇತ್ತು ಎಂದರು, ದೀಪ ಎಂದರು, ಅಲ್ಲ ಹಕ್ಕಿ ಎಂದರು. ಅಳಿಸಿ ಅಳಿಸಿ ಹಾಳೆ ನಡುವೆ ಹರಿಯಿತು. ಅಂಚಿನ ಮಲ್ಲಿಗೆಯೂ ಎರಡು ಸಾಲೋ ಮೂರೋ ಎಂಬ ಅನುಮಾನ ಬಂತು. ಕಾಕಾ ಪೆನ್ಸಿಲ್ ಕೆಳಗಿಟ್ಟು ಕನ್ನಡಕ ತೆಗೆದರು.

“ಆರು ವರ್ಷದ ಹಿಂದ ಕೇಳಿದ್ದೆನಲ್ಲವ್ವ,” ಎಂದರು ಮೆಲ್ಲಗೆ.

ನೀಲವ್ವ ಎದ್ದು ಬಂದು ನನ್ನನ್ನು ಕ್ಲಿಕ್ ಮಾಡಿದರು. ನಾನು ನನ್ನ ಮಾತು ಹೇಳಿದೆ. ಈ ಸಲ ಅವರು ಅದನ್ನು ಓದಲಿಲ್ಲ. ಪರದೆಯ ಮೇಲೆ ಅಂಗೈ ಇಟ್ಟು ಅತ್ತರು.

“ಇದಕ್ಕ ಗೊತ್ತೈತಿ ಕಾಕಾ. ಹೇಳವಲ್ದು ನೋಡ್ರಿ.”

ನನಗೆ ಗೊತ್ತಿಲ್ಲ ತಾಯಿ. ನಿಮ್ಮಾಣೆಗೂ ಗೊತ್ತಿಲ್ಲ. ಇಷ್ಟು ವರ್ಷ ಆ ಫೈಲಿನ ಮಗ್ಗುಲಲ್ಲೇ ಮಲಗಿದ್ದೇನೆ, ಅದರ ಹೆಸರು ಗೊತ್ತು, ತೂಕ ಗೊತ್ತು. ಒಳಗಿನ ಹೂವಿಗೆ ಆರು ಎಸಳೋ ಎಂಟು ಎಸಳೋ, ಒಮ್ಮೆಯೂ ನೋಡಿಲ್ಲ.