ಹನ್ನೆರಡು ಮನೆಯ ಪಾಲು

ಕಮಲಾಪುರದ ಖಂಡೆಪ್ಪಗೌಡರ ವಾಡೆಗೆ ಪಿಯಾನೋ ಬಂದದ್ದು ಹೈದರಾಬಾದಿನಿಂದ, ನಿಜಾಮರ ರೈಲು ಹತ್ತಿ. ವರ್ಷಕ್ಕೊಮ್ಮೆ ಅದಕ್ಕೆ ಶ್ರುತಿ ಮಾಡುವ ಕೆಲಸ ಶಾಹಜಾದಿಯ ಅಪ್ಪನದು. ಅಪ್ಪನ ಕೈ ನಡುಗತೊಡಗಿದ ಮೇಲೆ, ತಂತಿ ತಿರುವುವ ಕೀಲಿ ತಗೊಂಡು ಕಲಬುರಗಿ ಕೋಟೆಯ ಓಣಿಯಿಂದ ಈ ಸಲ ಅವಳೇ ಬಂದಿದ್ದಳು. ಗೌಡರು ಮೊದಲೇ ಹೇಳಿಬಿಟ್ಟಿದ್ದರು: "ಉಸ್ತಾದರು ಹೂಂ ಅಂದ್ರ ಈ ಕೆಲಸ ಮುಂದೂ ನಿಂದು. ಇಲ್ಲಾಂದ್ರ ಹೈದರಾಬಾದಿನಾಂವನ್ನ ಕರಸ್ತೀನಿ."

ಉಸ್ತಾದ ಅಲ್ಲಾಬಕ್ಷ ಸುತ್ತಮುತ್ತಲ ಊರುಗಳಿಗೇ ದೊಡ್ಡ ಗವಾಯಿ. ಮುಂಜಾನೆ ಶಾಹಜಾದಿ ಶ್ರುತಿ ಮಾಡಿ ಮುಗಿಸಿದ ಮೇಲೆ, ಪಿಯಾನೋ ಕಲಿಯುತ್ತಿದ್ದ ಗೌಡರ ಸೊಸೆ ಲಲಿತಾಬಾಯಿ ಅವರೆದುರು ಪಾಠದ 'ಮೂರರ ಜೋಡಿ' ಒತ್ತಿದಳು: ಬೆರಳಿಡುವ ಪಟ್ಟಿಗಳಲ್ಲಿ ಮೊದಲ ಬಿಳಿ ಮನೆ, ಅದನ್ನೂ ಸೇರಿಸಿ ಎಣಿಸಿದರೆ ಮೂರನೆಯದಾದ ಗಂಧಾರದ ಮನೆ, ಎರಡೂ ಒಟ್ಟಿಗೆ. ಉಸ್ತಾದರು ಮುಖ ಸಿಂಡರಿಸಿದರು.

"ತೋಬಾ! ಗಂಧಾರ ಏರೇದ. ಬೇಟಿ, ಹಿಟ್ಟು ನಾದೋ ಕೈಗೆ ಕೀಲಿ ಯಾಕ ಬೇಕಿತ್ತು?"

"ಏರೇದ್ರೀ," ಅಂದಳು ಶಾಹಜಾದಿ. "ಬೇಕಂತಲೇ ಏರಿಸೀನಿ. ನೀವು ಹಾಡೋ 'ಸಾ' ಯಾವ ಮನಿ ಹೇಳ್ರಿ, ಅದಕ್ಕ ಚೊಕ್ಕ ಕೂಡಿಸಿ ಕೊಡ್ತೀನಿ."

"ಕರಿ ಒಂದು. ಮೊದಲನೇ ಕರಿ ಮನಿ."

ನಡುವಿನ ಹನ್ನೆರಡು ಮನೆಗಳ ತಂತಿಗಳನ್ನು ತಿರುವಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಉಸ್ತಾದರು ಹಾಡಿದರು. ಅವರ ಗಂಧಾರವೂ ತಂತಿಯ ಗಂಧಾರವೂ ಒಂದಿಷ್ಟೂ ಅಲುಗದೆ ಕೂಡಿ ನಿಂತವು.

"ಈಗ ಬಂತು ನೋಡು ದಾರಿಗೆ!" ಅಂದರು. ಗೌಡರು ತಲೆದೂಗಿದರು. ಅಷ್ಟಕ್ಕೆ ಸುಮ್ಮನಾಗಿದ್ದರೆ ಕೆಲಸ ಶಾಹಜಾದಿಯದೇ. ಸುಮ್ಮನಾಗಲು ಅವಳಿಂದ ಆಗಲಿಲ್ಲ.

"ಬಾಯೀ, ನಿಮ್ಮ ಪಾಠ ಬಾರಸ್ರಿ."

ಲಲಿತಾಬಾಯಿ ಅದೇ ಮೂರರ ಜೋಡಿ ಒತ್ತಿದಳು. ಎಣ್ಣೆ ಕಾಣದ ಕದದಂತೆ ಕಿರುಗುಟ್ಟಿತು. ಬೆಚ್ಚಿ ಕೈ ಹಿಂದೆಗೆದಳು.

"ಕೆಡಿಸಿಟ್ಟಾಳ!"

"ಕೆಡಿಸಿಲ್ಲರೀ ಉಸ್ತಾದ್. ನಿಮ್ಮೊಬ್ಬರ 'ಸಾ' ಸ್ವರಕ್ಕ ಪೂರಾ ಕೊಟ್ಟೀನಿ, ಲಲಿತಾಬಾಯಾರ ಪಾಲು ಹೋಗೇದ. ಮುಂಜಾನೆ ಹನ್ನೆರಡೂ ಮನಿಗೆ ಚೂರು ಚೂರು ಹೆಚ್ಚು ಕಮ್ಮಿ ಹಂಚಿದ್ದೆ, ಯಾವ ಮನಿಯಿಂದ ಶುರು ಮಾಡಿದ್ರೂ ನಡೀಲಿ ಅಂತ. ಇದನ್ನ ಕಲಿಯಾಕತ್ತವರು ಅವರು, ನೀವಲ್ಲ."

ಗೌಡರ ಮೀಸೆ ಕುಣಿಯಿತು. "ಬಾಯಿ ಭಾಳ ಆತು. ಕೀಲಿ ಅಲ್ಲಿಟ್ಟು ಗಾಡಿ ಹತ್ತು."

"ಕೀಲಿ ನಮ್ಮಪ್ಪಂದು. ಬಾಯಾರ ಪಾಲು ತಿರುಗಿ ಕೊಟ್ಟೇ ಹೋಗ್ತೀನಿ."

ಬೆನ್ನು ತಿರುಗಿಸಿ ಮೊದಲ ತಂತಿಗೆ ಕೀಲಿ ಹಾಕಿದಳು. ಉಸ್ತಾದರು ಚಪ್ಪಲಿ ಮೆಟ್ಟಿ ಹೊರಟೇಹೋದರು. ಮಾವನೆದುರು ಎಂದೂ ಕೂತವಳಲ್ಲ ಲಲಿತಾಬಾಯಿ. ಸೆರಗು ಸರಿಮಾಡಿಕೊಂಡು ಮಣೆ ಎಳೆದು ಪಕ್ಕದಲ್ಲೇ ಕೂತಳು, ಒಂದೊಂದೇ ಜೋಡಿ ಒತ್ತಿ ಕೇಳುತ್ತ. ಹನ್ನೆರಡೂ ಮುಗಿದಾಗ ಪಾಠವನ್ನು ಮೊದಲಿಂದ ಕೊನೆತನಕ ಜೋರಾಗಿಯೇ ಬಾರಿಸಿದಳು.

"ಮಾವಾರ, ಮುಂದಿನ ಸಲನೂ ಇಕೀನೇ ಬರಬೇಕು. ಬ್ಯಾರೆಯವರು ಬಂದ್ರ ನಾ ಮುಚ್ಚಳ ತೆಗೆಯಂಗಿಲ್ಲ."

ಗೌಡರು ಸೊಸೆಯನ್ನು ನೋಡಿದರು, ಪಿಯಾನೋ ನೋಡಿದರು, ಕೆಮ್ಮಿದರು. ಶಾಹಜಾದಿ ಕೀಲಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಅವರ ಹೂಂಗೆ ಕಾಯದೆ ಗಾಡಿ ಹತ್ತಿದಳು.