ಗೆಸೀನಮ್ಮ ಕೆಳಗಿಟ್ಟ ಬಟ್ಟಲು

ನಾಲ್ಕನೆಯ ದಿನದ ಹೊತ್ತಿಗೆ ಜರ್ಮನಿಯಿಂದ ಬಂದ ಎಂಟು ಮಂದಿ ಅತಿಥಿಗಳೂ ಬೆಲ್ಟನ್ನು ಎರಡು ತೂತು ಸಡಿಲಿಸಿಕೊಂಡಿದ್ದರು. ತಪ್ಪು ಅವರದಲ್ಲ. ಬೆಳಿಗ್ಗೆ ಆಯೂಬನ ಮನೆಯಲ್ಲಿ ತಿಂಡಿ. ಅದು ಗಂಟಲಿನಿಂದ ಕೆಳಗಿಳಿಯುವ ಮೊದಲೇ ಓಣಿಯಾಚೆ ಸಲ್ತಿಯ ಮನೆಯಲ್ಲಿ ಮತ್ತೆ ತಿಂಡಿ. ಮಧ್ಯಾಹ್ನ ಹನ್ನೆರಡಕ್ಕೆ ಆಯೂಬನಲ್ಲಿ ಕುರಿ, ಎರಡಕ್ಕೆ ಸಲ್ತಿಯಲ್ಲಿ ಕುರಿ. ಅವನು ತಟ್ಟೆಯ ಮೇಲೆ ಒಂದು ತಲೆ ಇಟ್ಟರೆ ಇವನು ಎರಡು ತಲೆ ಇಡುತ್ತಿದ್ದ.

ಅರಬ್ ನಾಡಿನ ಕೆರಕ್ ಸೀಮೆಯ ಆ ಗುಡ್ಡದ ಹಳ್ಳಿಯ ಕ್ರೈಸ್ತ ಸಭೆಗೂ ಉತ್ತರ ಜರ್ಮನಿಯ ಒಂದು ದನದ ಊರಿನ ಸಭೆಗೂ ಇಪ್ಪತ್ತು ವರ್ಷದ ಸ್ನೇಹ. ಒಂದು ಸಲ ಇವರು ಹೋಗಬೇಕು, ಒಂದು ಸಲ ಅವರು ಬರಬೇಕು. ಬಂದಾಗ ಸಭಾಹಿರಿಯರ ಮನೆಯಲ್ಲಿ ಊಟ. ಸಭಾಹಿರಿಯರು ಇಬ್ಬರು, ಸಲ್ತಿ ಮತ್ತು ಆಯೂಬ್. ಒಂದೇ ತಾಯಿಯ ಮಕ್ಕಳು. ಆರು ವರ್ಷದಿಂದ ಮಾತಿಲ್ಲ.

ಜಗಳ ಹುಟ್ಟಿದ್ದು ಒಂದು ಗೋಡೆಯಿಂದ. ಸಲ್ತಿ ಕಲ್ಲುಕೆಲಸದವನು, ಅಪ್ಪನೂ ಅದೇ ಕಸುಬಿನವನು. ಚರ್ಚಿನ ಪಕ್ಕದ ಸಭಾಮನೆಯನ್ನು ಸಲ್ತಿಯೇ ಕಟ್ಟಿದ. ಇನ್ನು ಮಾಡು ಹಾಕಬೇಕು, ಊರೆಲ್ಲ ಸೇರಿದೆ, ಅಷ್ಟರಲ್ಲಿ ಬಸ್ಸು ಓಡಿಸುವ ಆಯೂಬ್ ಅಪ್ಪನ ತೂಗುಗುಂಡನ್ನು ತಂದು ಪೂರ್ವದ ಗೋಡೆಗೆ ಇಳಿಬಿಟ್ಟು, "ಎರಡು ಬೆರಳು ಒಳಕ್ಕೆ ವಾಲಿದೆ" ಅಂದುಬಿಟ್ಟ. ಸಲ್ತಿ ಗುಂಡನ್ನು ಕಿತ್ತುಕೊಂಡು ಚರ್ಚಿನ ಅಂಗಳದ ಮಳೆನೀರಿನ ತೊಟ್ಟಿಗೆ ಎಸೆದ. ಅಷ್ಟೇ. ಆಮೇಲೆ ಸಲ್ತಿ ಭಾನುವಾರ ತಪ್ಪದೆ ಚರ್ಚಿಗೆ ಬಂದ, ಸಭಾಮನೆಯೊಳಗೆ ಮಾತ್ರ ಊರವರ ಕಣ್ಣೆದುರು ಕಾಲಿಡಲಿಲ್ಲ.

ಇನ್ನೊಂದು ವಿಷಯ ಸಲ್ತಿಗೆ ಮಾತ್ರ ಗೊತ್ತಿತ್ತು. ಆ ವಾರವೇ ಒಬ್ಬನೇ ಹೋಗಿ, ದಾರಕ್ಕೆ ಕಲ್ಲು ಕಟ್ಟಿ ಅಳೆದಿದ್ದ. ಎರಡು ಬೆರಳು. ಸರಿಯಾಗಿ ಎರಡು ಬೆರಳು.

ನಾಲ್ಕನೆಯ ದಿನ ಸಲ್ತಿಯ ಮನೆಯಲ್ಲಿ ಎರಡನೆಯ ಊಟ ಮುಗಿಯಿತು. ಮುಗಿಯಿತು ಅನ್ನುವುದಕ್ಕಿಂತ ಅತಿಥಿಗಳು ಶರಣಾದರು ಅನ್ನುವುದು ಸರಿ. ಊರಿನ ಐದಾರು ಮುದುಕರು ಗೋಡೆಗೊರಗಿ ಕೂತಿದ್ದರು. ಸಲ್ತಿ ತಾನೇ ಹೂಜಿ ಹಿಡಿದು ಕಹಿ ಕಾಫಿ ಸುರಿಯುತ್ತ ಬಂದ. ಸಾಕು ಅನ್ನಬೇಕಾದರೆ ಬಟ್ಟಲು ಅಲ್ಲಾಡಿಸಿ ಎಂದು ಪಾದ್ರಿ ಶಾಹೀನ್ ಅತಿಥಿಗಳಿಗೆ ಕಲಿಸಿದ್ದರು. ಕುಡಿಯದೆ ಕೆಳಗಿಟ್ಟರೆ ಏನಾಗುತ್ತದೆ ಎಂದು ಕಲಿಸಿರಲಿಲ್ಲ.

ಗುಂಪಿನ ಹಿರಿಯಳು ಗೆಸೀನಮ್ಮ ಅರವತ್ತು ಹಸು ಸಾಕಿದ ಗಟ್ಟಿ ಹೆಂಗಸು. ಬಟ್ಟಲು ತೆಗೆದುಕೊಂಡಳು, ನೋಡಿದಳು. ಹೊಟ್ಟೆಯಲ್ಲಿ ಒಂದು ಹನಿಗೂ ಜಾಗವಿರಲಿಲ್ಲ. ಮೆಲ್ಲಗೆ ಅದನ್ನು ಮುಂದಿನ ಮೇಜಿನ ಮೇಲೆ ಇಟ್ಟುಬಿಟ್ಟಳು.

ಮುದುಕರ ಮಾತು ನಿಂತಿತು. ಹೆಣ್ಣು ಕೇಳಲು ಬಂದವರು ಹೀಗೆ ಇಡುತ್ತಾರೆ. ಕೊಲೆಯಾದ ಮನೆಗೆ ರಾಜಿಗೆ ಬಂದವರು ಹೀಗೆ ಇಡುತ್ತಾರೆ. ಕೇಳಿದ್ದು ಕೊಡುವವರೆಗೆ ಬಟ್ಟಲು ಮುಟ್ಟುವುದಿಲ್ಲ.

ಸಲ್ತಿಯ ಎದೆ ಉಬ್ಬಿತು. ಇಷ್ಟು ದೂರದಿಂದ ಬಂದವಳು ಬಟ್ಟಲು ಇಟ್ಟದ್ದು ಯಾರ ಮನೆಯಲ್ಲಿ? ಆಯೂಬನ ಮನೆಯಲ್ಲಂತೂ ಅಲ್ಲ. ಏನು ಬೇಕೆಂದು ಅತಿಥಿಯ ಬಾಯಿ ಬಿಡಿಸುವುದು ಅವನ ಅಪ್ಪನ ಜಾಯಮಾನವಾಗಿರಲಿಲ್ಲ. ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ: "ಕುಡಿಯಮ್ಮ. ನೀನು ಕೇಳೋದು ಏನೇ ಇರಲಿ, ಕೊಟ್ಟೆ."

"ಅಬೂ ಮಿತ್ರಿ, ಒಂದು ನಿಮಿಷ ತಡಿ," ಎಂದರು ಪಾದ್ರಿ. ಹಿರಿಮಗನ ಹೆಸರು ಹಿಡಿದು, ಮಿತ್ರಿಯ ಅಪ್ಪ ಎಂದೇ ಊರು ಸಲ್ತಿಯನ್ನು ಕರೆಯುವುದು. "ಆಯಮ್ಮನಿಗೆ ಗೊತ್ತಿಲ್ಲ, ಹೊಟ್ಟೆ..."

"ನೀವು ಸುಮ್ನಿರಿ ಪಾದ್ರಿಗಳೇ. ಕೊಟ್ಟೆ ಅಂದ್ಮೇಲೆ ಕೊಟ್ಟೆ. ಏನು ಬೇಕಂತೆ ಕೇಳಿ."

ಪಾದ್ರಿ ಗೆಸೀನಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳ ಮುಖ ಕೆಂಪಾಯಿತು. ಬಟ್ಟಲನ್ನು ನೋಡಿದಳು, ತನ್ನ ಜೊತೆಯವರ ಬಾಡಿದ ಮುಖ ನೋಡಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ಉದ್ದಕ್ಕೆ ಏನೋ ಹೇಳಿದಳು. ಪಾದ್ರಿ ಕೆಮ್ಮಿದರು.

"ಏನಂತೆ?"

"ಒಂದೇ ಊಟ ಸಾಕಂತೆ."

"ಅಂದ್ರೆ?"

"ಎದುರುಮನೆಯವನ ಮೂಗೂ ನಿನ್ನ ಮೂಗೂ ಒಂದೇ ಅಚ್ಚಂತೆ. ಅಣ್ಣತಮ್ಮ ಇರಬೇಕು, ಯಾಕೆ ಎರಡು ಸಲ ಅಡಿಗೆ ಅಂತಾಳೆ. ನಾಳೆ ಇಬ್ಬರೂ ಒಂದೇ ತಟ್ಟೆ ಹಾಕ್ಬೇಕಂತೆ, ಆ ತಟ್ಟೆಗೆ ಇಬ್ಬರೂ ಕೈ ಹಾಕ್ಬೇಕಂತೆ. ಇಲ್ದಿದ್ರೆ ಇಲ್ಲೇ ಹೂಳಬೇಕಾಗುತ್ತೆ ನಮ್ಮನ್ನ ಅಂತಾಳೆ."

ಒಬ್ಬ ಮುದುಕ ನಗು ತಡೆಯಲಾರದೆ ಗಡ್ಡ ಕಚ್ಚಿಕೊಂಡ.

"ಇದು ನೀವು ಹೇಳಿಕೊಟ್ಟ ಪಾಠ," ಎಂದು ಸಲ್ತಿ ಪಾದ್ರಿಯ ಮೇಲೆ ಹರಿಹಾಯ್ದ. "ಆರು ವರ್ಷದಿಂದ ಅದೇ ಕೊರೀತಿದ್ದೀರಿ."

"ಬಲಿಪೀಠದಾಣೆಗೂ ಇಲ್ಲ. ನಾನು ಹೇಳಿಕೊಟ್ಟಿದ್ರೆ ಇಷ್ಟು ಚೆನ್ನಾಗಿ ಬರ್ತಿತ್ತಾ?"

"ಆಗಲ್ಲ ಅಂತ ಹೇಳಿ ಅವಳಿಗೆ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಿಜ್ಮೆ ಬಾಯಿ ತೆರೆದಳು. "ಕೊಟ್ಟೆ ಅಂದಿದ್ದು ಯಾರು ಈಗ? ಗೋಡೆನಾ?"

ಗೋಡೆ ಅನ್ನುವ ಮಾತನ್ನು ಆ ಮನೆಯಲ್ಲಿ ಆರು ವರ್ಷದಿಂದ ಯಾರೂ ಎತ್ತಿರಲಿಲ್ಲ. ಸಲ್ತಿ ಹೂಜಿ ಹಿಡಿದು ನಿಂತೇ ಇದ್ದ. ಮಾತು ತಪ್ಪಿದರೆ ಈ ಮುದುಕರು ಸಂಜೆಯೊಳಗೆ ಮೂರು ಹಳ್ಳಿಗೆ ಸುದ್ದಿ ಮುಟ್ಟಿಸುತ್ತಾರೆ. "ಆಯ್ತು," ಎಂದ. "ಒಂದೇ ತಟ್ಟೆ. ನನ್ನ ಮನೇಲಿ."

ನಿಜ್ಮೆ ಓಣಿ ದಾಟಿ ಹೋಗಿ ಬಂದಳು. ಆಯೂಬನ ಹೆಂಡತಿ ಸಲ್ವಾಳ ಜೊತೆ ಅವಳು ಎಂದೂ ಮಾತು ಬಿಟ್ಟಿರಲಿಲ್ಲ. ಒಣಮೊಸರು, ಬಾದಾಮಿ ಎಲ್ಲ ಸೆರಗಿನ ಮರೆಯಲ್ಲಿ ಆಚೀಚೆ ಓಡಾಡುತ್ತಲೇ ಇತ್ತು. "ನಿನ್ನ ತಮ್ಮ ನಿನ್ನ ಹೊಸ್ತಿಲು ತುಳಿಯಲ್ವಂತೆ," ಎಂದಳು. "ನೀನೂ ಅವನದು ತುಳಿಯಲ್ಲ. ಅದಕ್ಕೆ ನಾವಿಬ್ಬರೂ ಸಭಾಮನೆ ಅಂತ ಮಾಡಿದ್ದೀವಿ."

ಸಲ್ತಿ ಹೂಜಿಯನ್ನು ಕೆಳಗಿಟ್ಟ. ತಟ್ಟೆಗೆ ಕೈ ಹಾಕಿಯಾನು, ತಮ್ಮನ ಮುಖವನ್ನೂ ನೋಡಿಯಾನು. ಆ ಗೋಡೆಯ ಕೆಳಗೆ, ಹೊರನಾಡಿನವರ ಕಣ್ಣೆದುರು ಹೇಗೆ ನಿಲ್ಲುವುದು? ಮೂವತ್ತು ವರ್ಷದ ಕಸುಬು, ಆ ಒಂದು ಗೋಡೆ.

ಮಾರನೆಯ ದಿನ ಹೋದ. ಹೋಗದೆ ವಿಧಿಯಿರಲಿಲ್ಲ. ಬಂಡಿಗಾಲಿಯಷ್ಟು ಅಗಲದ ತಟ್ಟೆಯಲ್ಲಿ ಅನ್ನ, ಮಾಂಸ, ಮೇಲೆ ಹಬೆಯಾಡುವ ಮೊಸರಿನ ಸಾರು. ಒಂದು ಪಕ್ಕದಲ್ಲಿ ಆಯೂಬ್ ಮೀಸೆ ತೀಡುತ್ತ ಮಾಡು ನೋಡುತ್ತಿದ್ದ. ಇನ್ನೊಂದು ಪಕ್ಕದಲ್ಲಿ ಸಲ್ತಿ ನೆಲ ನೋಡುತ್ತಿದ್ದ.

ಊಟಕ್ಕೆ ಮೊದಲು ಕಾಣಿಕೆ ಎಂದು ಗೆಸೀನಮ್ಮ ಒಂದು ಸುರುಳಿ ಬಿಚ್ಚಿದಳು. ಅವಳೂರಿನ ಹೆಂಗಸರು ಒಂದು ಇಡೀ ಚಳಿಗಾಲ ಕೂತು ಕಸೂತಿ ಹಾಕಿದ ಆಳೆತ್ತರದ ಬಟ್ಟೆ. ಎರಡು ಸಭೆಗಳ ಹೆಸರು, ನಡುವೆ ದ್ರಾಕ್ಷಿಬಳ್ಳಿ, ಮೇಲೊಂದು ಕೋಲು, ಕೆಳಗೊಂದು ಭಾರವಾದ ಕೋಲು. ಯಾರಾದರೂ ತಡೆಯುವ ಮೊದಲೇ ಪಾದ್ರಿ ಸ್ಟೂಲು ಹತ್ತಿ ಪೂರ್ವದ ಗೋಡೆಯ ಮೊಳೆಗೆ ಅದನ್ನು ತೂಗುಹಾಕಿದರು.

ಬಟ್ಟೆ ನೆಟ್ಟಗೆ ಇಳಿಯಿತು. ಕೆಳಗಿನ ಕೋಲು ಗೋಡೆಗೆ ತಾಗದೆ ಎರಡು ಬೆರಳು ದೂರದಲ್ಲಿ ನಿಂತಿತು.

ಸಲ್ತಿಯ ಕಿವಿ ಬಿಸಿಯಾಯಿತು. ಆಯೂಬ್ ಬಟ್ಟೆಯನ್ನು ನೋಡಿದ, ಅಣ್ಣನನ್ನು ನೋಡಿದ.

"ಕೋಲು ಸೊಟ್ಟ," ಎಂದ. "ಅವರ ದೇಶದ ಮರ. ನಮ್ಮ ಬಿಸಿಲಿಗೆ ಬಾಗಿದೆ."

ಸಲ್ತಿ ತಲೆಯೆತ್ತಿದ. ಆರು ವರ್ಷದಲ್ಲಿ ತಮ್ಮನ ಕೂದಲು ಇಷ್ಟು ಬೆಳ್ಳಗಾದದ್ದು ಅವನಿಗೆ ಆಗಲೇ ಕಂಡದ್ದು.

"ಕೋಲು ನೆಟ್ಟಗಿದೆ ಕಣೋ ಕತ್ತೆ. ಗೋಡೆ ವಾಲಿದೆ."

"ಎಲ್ಲಿ ವಾಲಿದೆ? ಒಂದು ಬೆರಳು. ಅದೂ ಕಿರುಬೆರಳು."

"ಎರಡು. ನಾನು ಕಟ್ಟಿದ ಗೋಡೆ ವಿಷಯ ನನಗೇ ಹೇಳಿಕೊಡ್ತೀಯಾ?"

"ಬೀಳಲಿಲ್ಲ ತಾನೆ? ಹೋದ್ವರ್ಷ ಹಿಮ ಬಿದ್ದಾಗ ನನ್ನ ಗ್ಯಾರೇಜೇ ಕುಸೀತು."

"ನಿನ್ನ ಗ್ಯಾರೇಜು ಕಟ್ಟಿದವನ ಕೈ ಮುರೀಬೇಕು. ನಾನಾಗಿದ್ರೆ..." ಸಲ್ತಿ ಅಲ್ಲಿಗೇ ನಿಲ್ಲಿಸಿದ.

ಗೆಸೀನಮ್ಮ ಕೋಲಿನ ಸಂದಿಗೆ ಎರಡು ಬೆರಳು ತೂರಿಸಿ ನೋಡಿ ಏನೋ ಹೇಳಿದಳು. ಪಾದ್ರಿ ತಿಳಿಸಿದರು: "ಅವರೂರಿನ ಚರ್ಚಿನ ಗೋಪುರ ಎರಡು ಮೊಳ ವಾಲಿದೆಯಂತೆ. ಮುನ್ನೂರು ವರ್ಷದಿಂದ."

"ಎರಡು ಮೊಳ?" ಸಲ್ತಿಗೆ ನಿಜಕ್ಕೂ ಬೇಸರವಾಯಿತು. "ಯಾವನು ಕಟ್ಟಿದ್ದು ಅದನ್ನ?"

ಆಮೇಲೆ ಎಲ್ಲರೂ ಅಂಗಿಯ ತೋಳು ಮಡಚಿ ತಟ್ಟೆಯ ಸುತ್ತ ನಿಂತರು. ಸಲ್ತಿ ಎಲುಬಿನಿಂದ ಮೆತ್ತನೆಯ ತುಂಡೊಂದನ್ನು ಬಿಡಿಸಿ, ಅತಿಥಿಗಳನ್ನೆಲ್ಲ ದಾಟಿಸಿ ಆಯೂಬನ ಮುಂದೆ ಹಾಕಿದ. ಅವನು ತಿಂದ. ಗೆಸೀನಮ್ಮ ಹಸಿದಿದ್ದಳು, ಚೆನ್ನಾಗಿ ಉಂಡಳು. ಕಾಫಿಯನ್ನೂ ಮೂರು ಸಲ ಹಾಕಿಸಿಕೊಂಡು ಬಟ್ಟಲು ಅಲ್ಲಾಡಿಸಿದಳು.

ಸಲ್ತಿ ತಮ್ಮನಿಗೂ ಸುರಿದ. ಆಯೂಬ್ ಬಟ್ಟಲನ್ನು ನೆಲದ ಮೇಲೆ ಇಟ್ಟುಬಿಟ್ಟ.

ಮತ್ತೆ ಎಲ್ಲರೂ ಬಟ್ಟಲಿನತ್ತ ತಿರುಗಿದರು.

"ಈ ಸಲ ಮೊದಲೇ ಕೊಟ್ಟೆ ಅನ್ನಲ್ಲ ನಾನು," ಎಂದ ಸಲ್ತಿ. "ಏನು ಬೇಕು ಬೊಗಳು."

"ಅಪ್ಪನ ತೂಗುಗುಂಡು ಬೇಕು. ಗ್ಯಾರೇಜು ಮತ್ತೆ ಕಟ್ಟಿಸಬೇಕು."

ಬೇಸಿಗೆಯ ಕೊನೆ. ಗುಂಡು ಬಿದ್ದಿದ್ದ ಅಂಗಳದ ತೊಟ್ಟಿಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ, ಕೆಸರು ಮಾತ್ರ ಬೇಕಾದಷ್ಟಿತ್ತು.

"ಕಾಫಿ ಆರ್ತಿದೆ, ಕುಡಿ," ಎಂದು ಹೇಳಿ ಸಲ್ತಿ ಹೂಜಿಯನ್ನು ಗೆಸೀನಮ್ಮನ ಕೈಗೆ ಕೊಟ್ಟ. ಆಮೇಲೆ ಬಾಗಿ ಪ್ಯಾಂಟಿನ ಕಾಲು ಮಡಚತೊಡಗಿದ.