ಜಟಗನ ಬಾವಿಯ ನೀರು

"ಒಂದ್ ಕಣ್ಣು ಮುಚ್ಕಂಡು ನೋಡು," ಎಂದು ಮಧುಕರ ಡಾಕ್ಟರು ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ಗಂಗೆಗೆ ಜಾಗ ಬಿಟ್ಟರು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಗಲಾಟೆಯಾದ ಮರುವರ್ಷವದು. ಅವಳು ತನ್ನೂರು ಕದ್ವಾಡದಿಂದ ದೋಣಿಯಲ್ಲಿ ಹೊತ್ತು ತಂದಿದ್ದ ಮಗಳು ತಿಮ್ಮಿ ರಕ್ತಭೇದಿಯಿಂದ ಕಡ್ಡಿಯಂತಾಗಿ ದವಾಖಾನೆಯ ಬೆಂಚಿನ ಮೇಲೆ ಬಿದ್ದಿದ್ದಳು.

ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಗಂಜಿತಿಳಿಯಂಥ ಒಂದು ಹನಿ. ಕಣ್ಣಿಲ್ಲ, ಬಾಯಿಲ್ಲ. ನೋಡುತ್ತಿದ್ದಂತೆ ಅದರ ಮಗ್ಗುಲಿಂದ ಬೆರಳೊಂದು ಹೊರಟಿತು, ಬೆರಳು ಕವಲೊಡೆಯಿತು, ಮೈಯೆಲ್ಲ ಆ ಬೆರಳಿನೊಳಕ್ಕೆ ಹರಿದು ಮುಂದೆ ಸರಿಯಿತು. ತಡಕಾಡಿ, ಒಂದು ಕಾಳನ್ನು ಸುತ್ತುವರಿದು, ಸದ್ದಿಲ್ಲದೆ ಒಳಗೆ ಹಾಕಿಕೊಂಡಿತು.

"ಅದು ತಿಂದದ್ದು ನಿನ್ ಮಗಳ ರಕ್ತ. ಅಮೀಬಾ ಅಂತಾರೆ. ನೀರಲ್ಲಿ ಬರ್ತದೆ. ಸೂಜಿ ಹಾಕ್ತೆ. ಆಮೇಲೆ ಹಸಿ ನೀರು ಹೊಟ್ಟೆಗೆ ಹೋದ್ರೆ ಹುಡುಗಿ ಉಳಿಯೂದಿಲ್ಲ. ಕುದ್ಸಿ ಕೊಡು."

ಗಂಗೆ ಬೆಂಚಿನ ಮೇಲಿದ್ದ ಮಗಳತ್ತ ತಿರುಗಿದಳು. ತಿಮ್ಮಿಗಿಂತ ಮೊದಲಿನ ಇಬ್ಬರು ಮಕ್ಕಳೂ ಹೀಗೇ ಹೋಗಿದ್ದರು. ದೈವ ಜಟಗ ಕರೆಸಿಕೊಂಡ ಎಂದಿದ್ದರು ಎಲ್ಲರೂ.

ಗಂಗೆಯ ಮನೆಯಲ್ಲಿ ಅಡುಗೆಗೆ ಹಳ್ಳದ ನೀರು. ಕುಡಿಯಲು ಮಾತ್ರ ಹಿತ್ತಲಿನ ಜಟಗ ದೇವರ ಬಾವಿಯದು. ಅದನ್ನು ಒಲೆಯ ಮೇಲಿಡುವಂತಿಲ್ಲ. ಸೂಜಿಗಳೆಲ್ಲ ಮುಗಿದು ಊರಿಗೆ ಮರಳಿದ ದಿನ ಗಂಗೆ ಅತ್ತೆ ಸುಕ್ರಿಯ ಮುಂದೆ ನೀರು ಕುದಿಸುವ ಮಾತೆತ್ತಿ ನೋಡಿದಳು.

"ಜಟಗನ ನೀರು ಕಾಸೂದಾ? ಮನೆ ದೀಪ ನಂದ್ಸೂಕೆ ಬಂದ್ಯೇನೆ?"

ಅತ್ತೆಯ ಬಾಯಿಗೆ ಬೀಗ ಹಾಕುವವರು ಊರಲ್ಲಿ ಹುಟ್ಟಿರಲಿಲ್ಲ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಗಂಗೆ ಮಗಳಿಗೆ ಹಳ್ಳದ ನೀರಲ್ಲಿ ಕುದಿಸಿದ ಗಂಜಿತಿಳಿಯನ್ನಷ್ಟೇ ಕುಡಿಸುತ್ತ ಬಂದಳು. ರಕ್ತ ನಿಂತಿತು. ಒಂದು ಬೆಳಿಗ್ಗೆ ತಿಮ್ಮಿ ತಾನಾಗಿ ಎದ್ದು ಕೂತು, ಸುಟ್ಟ ಒಣಮೀನು ಬೇಕೆಂದು ಹಟ ಹಿಡಿದಳು. ಗಂಗೆಗೆ ಅಳುವೇ ಬಂತು.

ಸುಕ್ರಿಗೂ ಕಣ್ಣು ತುಂಬಿತ್ತು. ಮಿಂದು, ಬಾವಿಗೆ ಹೂ ಹಾಕಿ, ತಂಬಿಗೆ ತುಂಬ ನೀರು ತಂದಳು. "ಜಟಗ ಉಳ್ಸಿದ. ಅವ್ನ ತೀರ್ಥ ಇದು. ಬಾಯಿ ತೆಗಿ, ಮಗಾ."

ತಿಮ್ಮಿ ಬಾಯಿ ತೆರೆದಳು. ತಂಬಿಗೆಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು.

"ಹರಕೆ ಹೊತ್ತವ್ಳು ನಾನು, ಅತ್ತೆ. ಮೊದ್ಲು ನಂಗೆ," ಎಂದು ಗಂಗೆ ತಂಬಿಗೆ ಕಸಿದುಕೊಂಡಳು. ಕಣ್ಣು ಮುಚ್ಚಿ, ಒಂದು ಹನಿಯೂ ಉಳಿಯದಂತೆ ಗಟಗಟ ಕುಡಿದಳು.

"ಎಷ್ಟು ಭಕ್ತಿಯೇ ನಿಂದು!" ಸುಕ್ರಿ ಸೊಸೆಯ ತಲೆ ನೇವರಿಸಿ ಖಾಲಿ ತಂಬಿಗೆ ತೆಗೆದುಕೊಂಡಳು. "ತಡಿ, ತಿಮ್ಮಿಗೆ ಮತ್ತೆ ತರ್ತೆ."

ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟತೊಡಗಿತು.